ಹೆಗಡೆ, ರಾಮಕೃಷ್ಣ (1926–2004): ತೋಟಿಗರ ಮನೆಯಿಂದ ಮುಖ್ಯಮಂತ್ರಿ ಪದವಿಗೆ

ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ, ಸ್ವಾತಂತ್ರ್ಯ ಹೋರಾಟಗಾರ, 13 ಮುಂಗಡಪತ್ರಗಳನ್ನು ಮಂಡಿಸಿದ ಹಣಕಾಸು ಸಚಿವ, ಯೋಜನಾ ಆಯೋಗದ ಉಪಾಧ್ಯಕ್ಷ, ಕೇಂದ್ರ ವಾಣಿಜ್ಯ ಸಚಿವ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ, ಅಡಿಕೆ ತೋಟದ ಹವ್ಯಕ ಮನೆತನದಲ್ಲಿ ಹುಟ್ಟಿದರು. ಊರಿನ ಜಮೀನುದಾರ ಕುಟುಂಬಗಳು ರಾಜಕೀಯಕ್ಕೆ ಬಂದ ಉದಾಹರಣೆಗಳು ರಾಜ್ಯದಲ್ಲಿ ನೂರಾರಿವೆ. ಹಾಗೆ ಬಂದವರಲ್ಲಿ ಹೆಚ್ಚಿನವರು ಊರಿನ ಯಜಮಾನಿಕೆಯನ್ನು ವಿಧಾನಸಭೆಯವರೆಗೆ ವಿಸ್ತರಿಸಿಕೊಂಡರು. ಹೆಗಡೆಯವರ ಹೆಚ್ಚುಗಾರಿಕೆ ಬೇರೆ. ವಿಧಾನಸೌಧದಲ್ಲಿದ್ದ ಅಧಿಕಾರವನ್ನು ಊರಿಗೆ ಮರಳಿಸುವ ಕಾನೂನು ಅವರ ಆಡಳಿತದಲ್ಲಿ ಬಂತು. ಆ ಊರಿನಲ್ಲಿ ಯಜಮಾನನ ಜೊತೆಗೆ ಒಕ್ಕಲಿಗೂ ಕೂಲಿಗೂ ಹೆಂಗಸರಿಗೂ ಆಸನ ಇಟ್ಟ ಕಾನೂನು ಅದು.

ನಾಡು ಮತ್ತು ನೆಲ

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ಒಂದೇ ಬಗೆಯ ಕೃಷಿಸೀಮೆ. ಕಾಡು ತುಂಬಿದ ಗುಡ್ಡಗಳ ನಡುವಿನ ತಗ್ಗಿನಲ್ಲಿ, ವರ್ಷವಿಡೀ ತೇವ ಆರದ ಕಣಿವೆಗಳಲ್ಲಿ ಅಡಿಕೆ ತೋಟ ಬೆಳೆದಿದೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ನೆರಳಿಗೆ ಬಾಳೆ, ಕೆಳಗೆ ಯಾಲಕ್ಕಿ ಎಂಬಂತೆ ಒಂದೇ ನೆಲದಲ್ಲಿ ಹಲವು ಅಂತಸ್ತುಗಳ ಬೇಸಾಯ ನಡೆಯುತ್ತದೆ. ಈ ತೋಟ ತನ್ನಷ್ಟಕ್ಕೆ ಬದುಕಲಾರದು. ಬುಡಕ್ಕೆ ಹಾಸಲು, ಕೊಟ್ಟಿಗೆಯಲ್ಲಿ ಗೊಬ್ಬರ ಮಾಡಲು ಸೊಪ್ಪು ಬೇಕು. ಸೊಪ್ಪಿಗೆ ಬೆಟ್ಟ ಬೇಕು. ಬ್ರಿಟಿಷ್ ಅರಣ್ಯಾಡಳಿತ ಒಪ್ಪಿಕೊಂಡ ವ್ಯವಸ್ಥೆಯಂತೆ ಘಟ್ಟದ ಮೇಲೆ ಒಂದು ಎಕರೆ ಬಾಗಾಯ್ತಿಗೆ 9 ಎಕರೆ ಸೊಪ್ಪಿನಬೆಟ್ಟದ ಸವಲತ್ತು ದೊರೆಯಿತು. ಹೀಗಾಗಿ ಇಲ್ಲಿಯ ಜಮೀನುದಾರನಿಗೆ ಸರ್ಕಾರದೊಡನೆ ವ್ಯವಹಾರ ತಪ್ಪಿದ್ದಲ್ಲ. ತೋಟ ಅವನದು, ಬೆಟ್ಟ ಸರ್ಕಾರದ್ದು, ಬೆಟ್ಟದ ಬಳಕೆ ಅವನದು. ಕಂದಾಯ, ಅರಣ್ಯ, ಹಕ್ಕುಪತ್ರ ಎಂಬ ಮಾತುಗಳು ಮನೆಯ ಜಗಲಿಯಲ್ಲಿ ಸದಾ ಚರ್ಚೆಯಲ್ಲಿರುತ್ತಿದ್ದ ಸೀಮೆ ಇದು.

ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿ ಈ ಬದುಕಿನ ಒಂದು ಮಾದರಿ. ಮನೆಗಳು ಒತ್ತಾಗಿ ಸೇರಿದ ಬಯಲುಸೀಮೆಯ ಊರಿನ ರೂಪ ಇಲ್ಲಿಲ್ಲ. ತೋಟದ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ, ಗುಡ್ಡದಾಚೆ ಮತ್ತೊಂದು ಮಜರೆ. ಇವನ್ನೆಲ್ಲ ಒಟ್ಟಿಗೆ ಕಟ್ಟುವ ಗಂಟುಗಳೆಂದರೆ ದೇವಸ್ಥಾನ, ಶಾಲೆ, ಸೊಸೈಟಿ ಮತ್ತು ಪಂಚಾಯ್ತಿ. ಸಂಸ್ಕೃತ ಪಾಠಶಾಲೆಗೆ ಹೆಸರಾದ ಉಮ್ಮಚಗಿಯಂಥ ಊರುಗಳಲ್ಲಿ ವಿದ್ಯೆ, ವ್ಯವಹಾರ, ಸಾರ್ವಜನಿಕ ಕೆಲಸ ಇವು ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಹಂಚಿಹೋಗುವುದು ಸಾಮಾನ್ಯ. ಒಬ್ಬ ತೋಟ ನೋಡಿಕೊಂಡರೆ ಇನ್ನೊಬ್ಬ ಓದಲು ಹೊರಗೆ ಹೋಗುತ್ತಾನೆ, ಮತ್ತೊಬ್ಬ ಸೊಸೈಟಿಯ ಆಡಳಿತ ಮಂಡಳಿಗೆ ನಿಲ್ಲುತ್ತಾನೆ. ಈ ಸೀಮೆಯ ರಾಜಕಾರಣಿಗಳು ಬಂದದ್ದು ಇಂಥ ಮನೆಗಳಿಂದ.

ಸಹಕಾರಿ ಸಂಘಗಳೇ ಅವರ ಮೊದಲ ಪಾಠಶಾಲೆ. ಕೊಯ್ಲಿಗೆ ಮುಂಚೆಯೇ ಸಾಲ ಕೊಟ್ಟು, ಆಮೇಲೆ ತಾವು ಹೇಳಿದ ಬೆಲೆಗೆ ಅಡಿಕೆ ಎತ್ತುತ್ತಿದ್ದ ದಲಾಲರ ಹಿಡಿತದಿಂದ ಬಿಡಿಸಿಕೊಳ್ಳಲು ಬೆಳೆಗಾರರು 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಕಟ್ಟಿದರು. ಜನರ ಬಾಯಲ್ಲಿ ಅದು ಟಿಎಸ್‌ಎಸ್. ಅದನ್ನು ಬೆಳೆಸಿದವರಲ್ಲಿ ಕಡವೆ ಶ್ರೀಪಾದ ಹೆಗಡೆಯವರ ಹೆಸರು ಮುಂಚೂಣಿಯದು. ಚಾಲಿ, ಕೆಂಪಡಿಕೆ, ಬೆಟ್ಟೆ ಎಂದು ವಿಂಗಡಿಸಿ ಬಹಿರಂಗವಾಗಿ ವ್ಯಾಪಾರ ಕೂಗುವ ಪದ್ಧತಿ ಸಣ್ಣ ತೋಟಿಗನಿಗೂ ದೊಡ್ಡ ತೋಟಿಗನಿಗೂ ಒಂದೇ ತಕ್ಕಡಿಯನ್ನು ಕೊಟ್ಟಿತು. ಲೆಕ್ಕಪತ್ರ ಓದುವುದು, ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವುದು, ಮತ ಹಾಕಿ ಆಡಳಿತ ಬದಲಿಸುವುದು ಇವೆಲ್ಲ ವಯಸ್ಕ ಮತದಾನದ ಕಾಲಕ್ಕಿಂತ ಮೊದಲೇ ಇಲ್ಲಿ ರೂಢಿಯಾದವು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಗದ್ದೆಗಳನ್ನು ಗೇಣಿಗೆ ಮಾಡುತ್ತಿದ್ದ ದೀವರು, ಇತರ ಒಕ್ಕಲು ಸಮುದಾಯಗಳು, ಕೊನೆ ಕೊಯ್ಯುವ ಹಾಗೂ ಮಣ್ಣು ಹೊರುವ ಕೂಲಿಗಳು, ಯಲ್ಲಾಪುರದ ಕಾಡಂಚಿನ ಸಿದ್ದಿಗಳು, ಇವರ ಬೆವರಿಲ್ಲದೆ ತೋಟವೂ ಇಲ್ಲ, ಗದ್ದೆಯೂ ಇಲ್ಲ. ಸೊಸೈಟಿಯ ಸಭೆಯಲ್ಲಿ ಇವರಿಗೆ ಜಾಗ ಇರಲಿಲ್ಲ. ಸಿದ್ದಾಪುರದ ಪಕ್ಕದ ಸಾಗರ ತಾಲ್ಲೂಕಿನಲ್ಲಿ 1951ರ ಕಾಗೋಡು ಸತ್ಯಾಗ್ರಹ ಗೇಣಿದಾರನ ಪ್ರಶ್ನೆಯನ್ನು ಬಯಲಿಗೆ ತಂದಿತು. ಕರಾವಳಿಯ ಅಂಕೋಲೆ, ಕುಮಟೆಗಳಲ್ಲಿ ಅದಕ್ಕೂ ಮೊದಲೇ ದಿನಕರ ದೇಸಾಯಿ ರೈತಕೂಟ ಕಟ್ಟಿದ್ದರು. ಅದಕ್ಕಾಗಿ 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರಾದರು. ಹೆಗಡೆಯವರು ಹುಟ್ಟಿದ್ದು ಈ ಎರಡೂ ಸತ್ಯಗಳು ಒಟ್ಟಿಗಿದ್ದ ನೆಲದಲ್ಲಿ.

ಹುಟ್ಟು, ಓದು, ಸೆರೆಮನೆ

ರಾಮಕೃಷ್ಣ ಹೆಗಡೆ 1926ರ ಆಗಸ್ಟ್ 29ರಂದು ಹುಟ್ಟಿದರು. ತಂದೆ ಮಹಾಬಲೇಶ್ವರ ಹೆಗಡೆ, ತಾಯಿ ಸರಸ್ವತಿ. ಆಗ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಬಾಲಕ ಬೆಳೆಯುತ್ತಿದ್ದ ವರ್ಷಗಳಲ್ಲೇ ಸಿದ್ದಾಪುರ ತಾಲ್ಲೂಕು ರಾಷ್ಟ್ರೀಯ ಹೋರಾಟದ ಕಣವಾಯಿತು. 1930ರ ದಶಕದ ಆರಂಭದಲ್ಲಿ ಅಂಕೋಲೆ ಮತ್ತು ಸಿದ್ದಾಪುರಗಳು ಕರನಿರಾಕರಣೆಗೆ ನಿಂತವು. ಭೂಕಂದಾಯ ಕೊಡೆವು ಎಂದ ಮನೆಗಳ ಪಾತ್ರೆ ಪಡಗ, ದನಕರು, ಕೊನೆಗೆ ಜಮೀನು ಕೂಡ ಜಪ್ತಿಯಾಗಿ ಹರಾಜಿಗೆ ಬಂತು. ಹರಾಜಿನಲ್ಲಿ ಆ ಆಸ್ತಿಯನ್ನು ಕೊಂಡವರ ಮನೆಬಾಗಿಲಲ್ಲಿ ಹೆಂಗಸರು ಉಪವಾಸ ಕುಳಿತರು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯ ಮಹಿಳಾ ಸತ್ಯಾಗ್ರಹವನ್ನು ಜಿಲ್ಲೆ ಇಂದಿಗೂ ನೆನೆಯುತ್ತದೆ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದ ಭೂಮಿಯನ್ನು ಹಿಂದಿರುಗಿಸುವ ಕ್ರಮ ಆರಂಭವಾಯಿತು.

ಈ ಹೋರಾಟದ ಅರ್ಥ ದೊಡ್ಡದು. ಜಮೀನು ಇರುವವನಿಗೆ ಕಳೆದುಕೊಳ್ಳುವುದೂ ಇರುತ್ತದೆ. ಕರ ಕೊಡದಿದ್ದರೆ ತಲೆಮಾರುಗಳ ತೋಟ ಕೈಬಿಡುತ್ತದೆ ಎಂದು ತಿಳಿದೂ ಈ ಸೀಮೆಯ ಕುಟುಂಬಗಳು ಹಿಂಜರಿಯಲಿಲ್ಲ. ರಾಜಕೀಯವೆಂದರೆ ಮೊದಲು ಕಳೆದುಕೊಳ್ಳುವುದು ಎಂಬ ತಿಳಿವಳಿಕೆ ಈ ಭಾಗದ ಒಂದು ಇಡೀ ಪೀಳಿಗೆಗೆ ಬಾಲ್ಯದಲ್ಲೇ ಸಿಕ್ಕಿತು.

ಹೆಗಡೆಯವರು ಉನ್ನತ ವ್ಯಾಸಂಗಕ್ಕೆ ವಾರಾಣಸಿಯ ಕಾಶಿ ವಿದ್ಯಾಪೀಠಕ್ಕೆ ಹೋದರು. 1921ರಲ್ಲಿ ಅಸಹಕಾರ ಚಳವಳಿಯ ಕಾಲದಲ್ಲಿ ಗಾಂಧೀಜಿ ಉದ್ಘಾಟಿಸಿದ, ಲಾಲ್ ಬಹಾದ್ದೂರ್ ಶಾಸ್ತ್ರಿಯಂಥವರು ಓದಿದ ರಾಷ್ಟ್ರೀಯ ವಿದ್ಯಾಸಂಸ್ಥೆ ಅದು. ಮುಂದೆ ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆ ಕಂಡರು. ಮಲೆನಾಡಿನ ಮೂಲೆಯ ಯುವಕನಿಗೆ ಹಿಂದಿ ಸೀಮೆಯ ಭಾಷೆ, ಜನ, ರಾಜಕಾರಣದ ಒಡನಾಟ ಚಿಕ್ಕ ವಯಸ್ಸಿನಲ್ಲೇ ದೊರೆತದ್ದು ಮುಂದೆ ಅವರನ್ನು ರಾಷ್ಟ್ರಮಟ್ಟದ ನಾಯಕರನ್ನಾಗಿಸಲು ನೆರವಾಯಿತು.

ಪಕ್ಷ ಸಂಘಟನೆಯಿಂದ ಹಣಕಾಸು ಖಾತೆಗೆ

ವಕೀಲಿ ವೃತ್ತಿ ಹಿಡಿದ ಹೆಗಡೆ 1954ರಿಂದ 1957ರವರೆಗೆ ಉತ್ತರ ಕನ್ನಡ ಜಿಲ್ಲಾ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿದ್ದರು. ಕರ್ನಾಟಕದ ಏಕೀಕರಣ ನಡೆದದ್ದು ಇದೇ ಅವಧಿಯಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1957ರ ಚುನಾವಣೆಯಲ್ಲಿ ಹೆಗಡೆ ವಿಧಾನಸಭೆ ಪ್ರವೇಶಿಸಿ ಉಪಸಚಿವರಾದರು. 1958ರಿಂದ 1962ರವರೆಗೆ ಮೈಸೂರು ಪ್ರದೇಶ ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿಯಾಗಿ ರಾಜ್ಯವಿಡೀ ಸುತ್ತಿದರು.

1962ರಲ್ಲಿ ಎಸ್. ನಿಜಲಿಂಗಪ್ಪ ಮತ್ತೆ ಮುಖ್ಯಮಂತ್ರಿಯಾದಾಗ ಹೆಗಡೆ ಸಚಿವರಾದರು. ಗ್ರಾಮಾಭಿವೃದ್ಧಿ, ಪಂಚಾಯತ್ ರಾಜ್, ಸಹಕಾರ, ಕೈಗಾರಿಕೆ, ಯೋಜನೆ, ವಾರ್ತೆ, ಅಬಕಾರಿ ಹೀಗೆ ಹಲವು ಖಾತೆಗಳು ಅವರ ಕೈಯಲ್ಲಿ ಹಾದುಹೋದವು. ತೋಟಿಗರ ಸೊಸೈಟಿಗಳ ನಾಡಿನಿಂದ ಬಂದವರಿಗೆ ಸಹಕಾರ ಮತ್ತು ಪಂಚಾಯ್ತಿ ಖಾತೆಗಳು ಹೊಸ ವಿಷಯವಾಗಿರಲಿಲ್ಲ. ಹಣಕಾಸು ಖಾತೆ ಅವರಿಗೆ ಹೆಚ್ಚಿನ ಹೆಸರು ತಂದಿತು. ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಮಂತ್ರಿಮಂಡಲಗಳಲ್ಲೂ ಮುಂದೆ ತಾವೇ ಮುಖ್ಯಮಂತ್ರಿಯಾಗಿದ್ದಾಗಲೂ ಸೇರಿ ಅವರು ಮಂಡಿಸಿದ 13 ಮುಂಗಡಪತ್ರಗಳ ದಾಖಲೆ ದಶಕಗಳ ಕಾಲ ಉಳಿಯಿತು. 2023ರಲ್ಲಿ ಸಿದ್ದರಾಮಯ್ಯ ಅದನ್ನು ಮೀರಿದರು. ನಿಜಲಿಂಗಪ್ಪನವರ ನೆರಳಿನಲ್ಲಿ ಬೆಳೆದ ಹೆಗಡೆ ಮತ್ತು ವೀರೇಂದ್ರ ಪಾಟೀಲರನ್ನು ಆ ಕಾಲದ ರಾಜಕೀಯ ವಲಯ ಲವ-ಕುಶ ಎಂದೇ ಕರೆಯುತ್ತಿತ್ತು.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಹೆಗಡೆ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನಲ್ಲೇ ಉಳಿದರು. 1971ರಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಹೋಯಿತು. 1972ರಲ್ಲಿ ದೇವರಾಜ ಅರಸು ಅಧಿಕಾರಕ್ಕೆ ಬಂದರು. ಅರಸು ಸರ್ಕಾರದ 1974ರ ಭೂಸುಧಾರಣೆ ಹೆಗಡೆಯವರು ಹುಟ್ಟಿದ ಸಾಮಾಜಿಕ ವರ್ಗವನ್ನು ನೇರವಾಗಿ ಮುಟ್ಟಿತು. ಗೇಣಿ ಪದ್ಧತಿ ರದ್ದಾಗಿ, ನಮೂನೆ 7ರಲ್ಲಿ ಅರ್ಜಿ ಹಾಕಿದ ಒಕ್ಕಲು ಭೂನ್ಯಾಯಮಂಡಳಿಯ ಮುಂದೆ ಹಕ್ಕು ಸ್ಥಾಪಿಸಿ ಒಡೆಯನಾದ. ಘಟ್ಟದ ಮೇಲೂ ಕೆಳಗೂ ಗೇಣಿಗೆ ಕೊಟ್ಟಿದ್ದ ಗದ್ದೆಗಳು ಉಳುವವರ ಹೆಸರಿಗೆ ಬಂದವು. ಜಮೀನುದಾರರು ತಾವೇ ಸಾಗುವಳಿ ಮಾಡುತ್ತಿದ್ದ ತೋಟವನ್ನು ನೆಚ್ಚಿಕೊಂಡರು. ಗೇಣಿಭತ್ತದ ಮೇಲೆ ನಿಂತಿದ್ದ ಹಳೆಯ ಯಜಮಾನಿಕೆ ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ತೋಟಿಗರ ಮನೆಯ ರಾಜಕಾರಣಿ ಮತ ಕೇಳಬೇಕಾದದ್ದು ತನಗೆ ಗೇಣಿ ಕೊಡುವವರ ಬಳಿ ಅಲ್ಲ, ತನ್ನಷ್ಟೇ ಸ್ವತಂತ್ರರಾದ ನೆರೆಯವರ ಬಳಿ.

1975ರ ತುರ್ತು ಪರಿಸ್ಥಿತಿಯಲ್ಲಿ ಹೆಗಡೆ ಬಂಧನಕ್ಕೊಳಗಾದರು. ಬಿಡುಗಡೆಯ ನಂತರ ಜನತಾ ಪಕ್ಷದ ಸಂಘಟನೆಯಲ್ಲಿ ತೊಡಗಿ, 1978ರಿಂದ 1983ರವರೆಗೆ ರಾಜ್ಯಸಭಾ ಸದಸ್ಯರಾಗಿದ್ದರು.

ಮುಖ್ಯಮಂತ್ರಿ (1983–1988)

1983ರ ಜನವರಿಯ ಚುನಾವಣೆ ಕರ್ನಾಟಕದ ರಾಜಕೀಯದ ತಿರುವು. ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಕಾಂಗ್ರೆಸ್ ಬಹುಮತ ಕಳೆದುಕೊಂಡಿತು. 224 ಸ್ಥಾನಗಳಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗದ ಕೂಟಕ್ಕೆ 95, ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18 ಸಿಕ್ಕವು. ಎಚ್.ಡಿ. ದೇವೇಗೌಡ, ಎಸ್.ಆರ್. ಬೊಮ್ಮಾಯಿ, ಎಸ್. ಬಂಗಾರಪ್ಪ ಎಂಬ ಮೂರು ಬಲಗಳ ನಡುವೆ ಎಲ್ಲರಿಗೂ ಒಪ್ಪಿಗೆಯಾಗುವ ಹೆಸರಾಗಿ, ಆಗ ವಿಧಾನಸಭೆಯ ಸದಸ್ಯರೂ ಅಲ್ಲದ ಹೆಗಡೆ ಮುಂದೆ ಬಂದರು. ಬಿಜೆಪಿ, ಎಡಪಕ್ಷಗಳು ಹಾಗೂ ಪಕ್ಷೇತರರ ಹೊರಬೆಂಬಲದಿಂದ ಜನವರಿ 10ರಂದು ಪ್ರಮಾಣವಚನ ಸ್ವೀಕರಿಸಿದರು. ಪಿ.ಜಿ.ಆರ್. ಸಿಂಧ್ಯಾ ತೆರವು ಮಾಡಿಕೊಟ್ಟ ಕನಕಪುರ ಕ್ಷೇತ್ರದಿಂದ ಗೆದ್ದು ಸದನಕ್ಕೆ ಬಂದರು.

1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ದಕ್ಕಿದ್ದು 4 ಮಾತ್ರ. ವಿಧಾನಸಭೆಯಲ್ಲಿ ಸರ್ಕಾರಕ್ಕೆ ಕುತ್ತು ಇರಲಿಲ್ಲ. ಆದರೂ ಜನರ ಒಪ್ಪಿಗೆ ತಮಗಿಲ್ಲವೆಂದು ಹೆಗಡೆ ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಜನತಾ ಪಕ್ಷ 139 ಸ್ಥಾನ ಗೆದ್ದು ಸ್ವಂತ ಬಲದಿಂದ ಅಧಿಕಾರಕ್ಕೆ ಬಂತು. ಮೂರು ತಿಂಗಳ ಅಂತರದಲ್ಲಿ ಅದೇ ಮತದಾರರು ದಿಲ್ಲಿಗೆ ಒಂದು ಪಕ್ಷವನ್ನೂ ಬೆಂಗಳೂರಿಗೆ ಇನ್ನೊಂದನ್ನೂ ಆರಿಸಿದರು. ಭಾರತದ ಮತದಾರ ಎರಡು ಸರ್ಕಾರಗಳ ನಡುವಿನ ವ್ಯತ್ಯಾಸವನ್ನು ಬಲ್ಲ ಎಂಬುದಕ್ಕೆ ಈ ಚುನಾವಣೆ ಇಂದಿಗೂ ಮೊದಲ ನಿದರ್ಶನ. ಈ ಬಾರಿ ಹೆಗಡೆ ಆರಿಸಿಬಂದದ್ದು ಬೆಂಗಳೂರಿನ ಬಸವನಗುಡಿಯಿಂದ.

ಪಂಚಾಯತ್ ರಾಜ್

ಹೆಗಡೆ ಸರ್ಕಾರದ ಕೆಲಸಗಳಲ್ಲಿ ಅಗ್ರಸ್ಥಾನ 1983ರ ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ್ ಸಮಿತಿ, ಮಂಡಲ ಪಂಚಾಯತ್ ಮತ್ತು ನ್ಯಾಯ ಪಂಚಾಯತ್ ಅಧಿನಿಯಮಕ್ಕೆ ಸಲ್ಲುತ್ತದೆ. ಇದರ ಹಿಂದಿನ ಚೇತನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯ ಬಡ ಕುಟುಂಬದಿಂದ ಬಂದ, ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ನೀರ್ ಸಾಬ್ ಎಂದು ಜನರ ಪ್ರೀತಿ ಗಳಿಸಿದ ನಾಯಕ ಅವರು. ತೋಟಿಗರ ಮನೆಯ ಮುಖ್ಯಮಂತ್ರಿ ಮತ್ತು ಭೂಮಿಯ ಬಲವಿಲ್ಲದೆ ಬೆಳೆದ ಸಚಿವ ಕೂಡಿ ಮಾಡಿದ ಕೆಲಸ ಇದು ಎಂಬುದನ್ನು ಮರೆಯಬಾರದು.

ಅದಕ್ಕೆ ಮೊದಲು ಇದ್ದದ್ದು 1959ರ ಕಾನೂನಿನ ಗ್ರಾಮ ಪಂಚಾಯ್ತಿ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿಗಳು. ಕೈಯಲ್ಲಿ ಹಣವಿಲ್ಲ, ಕೆಳಗೆ ನೌಕರರಿಲ್ಲ, ಚುನಾವಣೆ ಯಾವಾಗ ಎಂಬುದು ಸರ್ಕಾರದ ಮರ್ಜಿ. ಊರಿನ ದೊಡ್ಡ ಮನೆಯವರು ಅವಿರೋಧವಾಗಿ ಕುಳಿತುಕೊಳ್ಳುವುದೇ ವಾಡಿಕೆ. ಅಶೋಕ್ ಮೆಹ್ತಾ ಸಮಿತಿಯ 1978ರ ಶಿಫಾರಸುಗಳ ಬೆಳಕಿನಲ್ಲಿ ರೂಪುಗೊಂಡ ಹೊಸ ಕಾನೂನು ಈ ಚೌಕಟ್ಟನ್ನೇ ಬದಲಿಸಿತು. ಹಲವು ಹಳ್ಳಿಗಳನ್ನು ಕೂಡಿಸಿದ ಮಂಡಲ ಪಂಚಾಯತ್ ಮತ್ತು ಜಿಲ್ಲಾ ಪರಿಷತ್ತು ನೇರ ಚುನಾವಣೆಯ ಎರಡು ಹಂತಗಳಾದವು. ಕೃಷಿ, ಶಾಲೆ, ಆರೋಗ್ಯ, ಕುಡಿಯುವ ನೀರು, ಪಶುವೈದ್ಯದಂಥ ಇಲಾಖೆಗಳು ತಮ್ಮ ಹಣ ಮತ್ತು ನೌಕರರ ಸಮೇತ ಪರಿಷತ್ತಿಗೆ ಬಂದವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ ಬಂದರು. ಬ್ರಿಟಿಷರ ಕಾಲದಿಂದ ಜಿಲ್ಲೆಯ ಏಕೈಕ ದೊರೆಯಾಗಿದ್ದ ಕಲೆಕ್ಟರನ ಪಕ್ಕದಲ್ಲಿ ಜನ ಆರಿಸಿದವರು ಕುಳಿತದ್ದು ಸಣ್ಣ ಬದಲಾವಣೆಯಲ್ಲ.

ಇನ್ನೂ ದೊಡ್ಡ ಬದಲಾವಣೆ ಮೀಸಲಾತಿಯದು. ಮಹಿಳೆಯರಿಗೆ ಶೇ 25 ಸ್ಥಾನಗಳು ಮೀಸಲಾದವು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಕನಿಷ್ಠ ಶೇ 18. 1985ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕಾನೂನಿನಡಿ 1987ರ ಜನವರಿಯಲ್ಲಿ ಚುನಾವಣೆ ನಡೆದು 2,500ಕ್ಕೂ ಹೆಚ್ಚು ಮಂಡಲ ಪಂಚಾಯತ್‌ಗಳು ಅಸ್ತಿತ್ವಕ್ಕೆ ಬಂದವು. ಅಡುಗೆಮನೆ, ಕೊಟ್ಟಿಗೆ, ತೋಟ ಬಿಟ್ಟು ಹೊರಗೆ ಹೋಗದಿದ್ದ ಸಾವಿರಾರು ಹೆಂಗಸರು ಸಭೆಯ ನಡಾವಳಿಗೆ ರುಜು ಹಾಕಿದರು. ಮನೆಗಳು ಮಜರೆಗಳಲ್ಲಿ ಚದುರಿದ ಉಮ್ಮಚಗಿಯಂಥ ಪ್ರದೇಶಗಳಿಗೆ ಇದರ ಬೆಲೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ಕಾಲುಸಂಕ ಎಲ್ಲಿ ಬೇಕು, ಯಾವ ಕೇರಿಗೆ ನೀರಿಲ್ಲ ಎಂಬುದು ಬೆಂಗಳೂರಿನಿಂದ ಕಾಣುವ ವಿಷಯವಲ್ಲ.

ದೇಶಮಟ್ಟದಲ್ಲಿ ಪಂಚಾಯತ್ ರಾಜ್ ಕುರಿತ ಚರ್ಚೆಗೆ ಪಶ್ಚಿಮ ಬಂಗಾಳ ಮತ್ತು ಕರ್ನಾಟಕ ಎರಡು ಮುಖ್ಯ ಮಾದರಿಗಳಾದವು. 1992ರ ಸಂವಿಧಾನದ 73ನೆಯ ತಿದ್ದುಪಡಿ ಮಹಿಳಾ ಮೀಸಲಾತಿಯನ್ನು ಮೂರನೆಯ ಒಂದು ಭಾಗಕ್ಕೆ ಏರಿಸಿ ದೇಶಕ್ಕೆಲ್ಲ ಅನ್ವಯಿಸಿತು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನು ಮಂಡಲದ ಜಾಗದಲ್ಲಿ ಗ್ರಾಮ ಪಂಚಾಯಿತಿಯನ್ನು ತಂದಿತು. ನಜೀರ್ ಸಾಬ್ 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ.

ಲೋಕಾಯುಕ್ತ, ಕನ್ನಡ, ಒಕ್ಕೂಟ ವ್ಯವಸ್ಥೆ

1984ರ ಕರ್ನಾಟಕ ಲೋಕಾಯುಕ್ತ ಅಧಿನಿಯಮ ಹೆಗಡೆ ಸರ್ಕಾರದ ಇನ್ನೊಂದು ಗಟ್ಟಿ ಕೊಡುಗೆ. ಅದು 1986ರಲ್ಲಿ ಜಾರಿಗೆ ಬಂತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರಾದರು. ಸಚಿವರನ್ನೂ ಅಧಿಕಾರಿಗಳನ್ನೂ ಪ್ರಶ್ನಿಸಬಲ್ಲ ಈ ಸಂಸ್ಥೆ ಮುಂದಿನ ದಶಕಗಳಲ್ಲಿ ಕರ್ನಾಟಕದ ರಾಜಕೀಯವನ್ನೇ ಅಲುಗಿಸಿತು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಪರಿಣಾಮವಾಗಿ 2011ರಲ್ಲಿ ಮುಖ್ಯಮಂತ್ರಿಯೊಬ್ಬರು ಅಧಿಕಾರ ಬಿಡಬೇಕಾಯಿತು.

ಗೋಕಾಕ್ ಚಳವಳಿಯ ಬಿಸಿ ಆರದ ಹೊತ್ತಿನಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಆಡಳಿತದಲ್ಲಿ ಕನ್ನಡದ ಜಾರಿಯನ್ನು ನೋಡಿಕೊಳ್ಳಲು 1983ರಲ್ಲಿ ಕನ್ನಡ ಕಾವಲು ಸಮಿತಿಯನ್ನು ರಚಿಸಿತು. ಇಂದಿನ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಬೇರು ಅಲ್ಲಿದೆ.

ಕೇಂದ್ರ ಮತ್ತು ರಾಜ್ಯಗಳ ಸಂಬಂಧದಲ್ಲೂ ಹೆಗಡೆ ಸ್ಪಷ್ಟ ನಿಲುವು ತಳೆದರು. 1983ರ ಮಾರ್ಚಿನಲ್ಲಿ ದಕ್ಷಿಣದ ಮುಖ್ಯಮಂತ್ರಿಗಳ ಸಭೆಯನ್ನು ಬೆಂಗಳೂರಿನಲ್ಲಿ ಸೇರಿಸಿದರು. ಅದೇ ತಿಂಗಳು ಕೇಂದ್ರ ಸರ್ಕಾರ ಸರ್ಕಾರಿಯಾ ಆಯೋಗವನ್ನು ಘೋಷಿಸಿತು. 1984ರ ಆಗಸ್ಟಿನಲ್ಲಿ ಆಂಧ್ರಪ್ರದೇಶದಲ್ಲಿ ಎನ್.ಟಿ. ರಾಮರಾವ್ ಸರ್ಕಾರವನ್ನು ವಜಾ ಮಾಡಿದಾಗ ಅವರ ಶಾಸಕರಿಗೆ ಕರ್ನಾಟಕ ಆಶ್ರಯ ನೀಡಿತು. ದಿಲ್ಲಿ ರಾಜ್ಯಕ್ಕೆ ಕೊಡಬೇಕಾದದ್ದನ್ನು ಕೇಳುವವರು ತಾವು ಹಳ್ಳಿಗೆ ಕೊಡಬೇಕಾದದ್ದನ್ನು ಕೊಟ್ಟಿರಬೇಕು. ಹೆಗಡೆಯವರ ಮಾತಿಗೆ ತೂಕ ಬಂದದ್ದು ಈ ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ.

ರಾಜೀನಾಮೆಗಳು

ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಹೆಗಡೆಯವರ ಹೆಸರಿನೊಡನೆ ಬೆಸೆದುಕೊಂಡಿದೆ. ಆ ಮಾತೇ ಅವರನ್ನು ಅಳೆಯುವ ಕೋಲೂ ಆಯಿತು. 1986ರ ಫೆಬ್ರುವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳ ವಿಷಯದಲ್ಲಿ ಹೈಕೋರ್ಟ್ ಸರ್ಕಾರದ ಕ್ರಮವನ್ನು ಟೀಕಿಸಿದಾಗ ರಾಜೀನಾಮೆ ಕೊಟ್ಟು, ಪಕ್ಷದ ಒತ್ತಾಯದ ಮೇಲೆ ಮೂರು ದಿನಗಳಲ್ಲಿ ಹಿಂತೆಗೆದುಕೊಂಡರು. 1988ರ ಆಗಸ್ಟಿನಲ್ಲಿ, ರಾಜಕಾರಣಿಗಳು ಮತ್ತಿತರರ ದೂರವಾಣಿ ಕದ್ದಾಲಿಸಿದ ಆರೋಪ ಎದ್ದಾಗ ಮುಖ್ಯಮಂತ್ರಿ ಸ್ಥಾನ ತೊರೆದರು. ಎಸ್.ಆರ್. ಬೊಮ್ಮಾಯಿ ಆ ಸ್ಥಾನಕ್ಕೆ ಬಂದರು. 1989ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದ ಹೆಗಡೆ, ಬೆಂಗಳೂರಿನ ಭೂಮಿಯೊಂದರ ವ್ಯವಹಾರ ಮತ್ತು ದೂರವಾಣಿ ಪ್ರಕರಣ ಕುರಿತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ವರದಿ ಪ್ರತಿಕೂಲವಾದಾಗ 1990ರಲ್ಲಿ ಅದನ್ನೂ ಬಿಟ್ಟರು.

ಈ ಘಟನೆಗಳನ್ನು ಎರಡು ಬಗೆಯಲ್ಲಿ ಓದುವುದುಂಟು. ಆರೋಪ ಬಂದೊಡನೆ ಕುರ್ಚಿ ಬಿಟ್ಟದ್ದು ದೊಡ್ಡತನ ಎಂದು ಒಂದು ಪಕ್ಷ. ಅಂಥ ಆರೋಪಗಳಿಗೆ ಅವಕಾಶವಾದದ್ದೇ ದೋಷ ಎಂದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಅಧಿಕಾರದಲ್ಲಿದ್ದವರನ್ನು ಪ್ರಶ್ನಿಸುವ ಸಂಸ್ಥೆಯನ್ನು ಕಟ್ಟಿದ ಮುಖ್ಯಮಂತ್ರಿಗೆ ಆ ಪ್ರಶ್ನೆಗಳು ತಮ್ಮ ಬಾಗಿಲಿಗೂ ಬರುತ್ತವೆ ಎಂಬುದು ತಿಳಿದಿತ್ತು. ಅವು ಬಂದಾಗ ಅವರು ಕುರ್ಚಿಗೆ ಅಂಟಿ ಕೂರಲಿಲ್ಲ.

ತವರು ಸೀಮೆಯ ಹೋರಾಟಗಳು

ಹೆಗಡೆ ಅಧಿಕಾರಕ್ಕೆ ಬರುವ ಹೊತ್ತಿಗಾಗಲೇ ಅವರ ತವರು ಸೀಮೆ ಸರ್ಕಾರದ ಅಭಿವೃದ್ಧಿಯ ಕಲ್ಪನೆಯನ್ನು ಪ್ರಶ್ನಿಸಲು ಎದ್ದುನಿಂತಿತ್ತು. ಯಲ್ಲಾಪುರ ಸೀಮೆಯ ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆಯನ್ನು ತೋಟಿಗರು ವಿರೋಧಿಸಿದರು. 1981ರಲ್ಲಿ ಶಿರಸಿಯಲ್ಲಿ ಟಿಎಸ್‌ಎಸ್ ವಿಜ್ಞಾನಿಗಳನ್ನೂ ರೈತರನ್ನೂ ಒಂದೇ ವೇದಿಕೆಗೆ ತಂದು ಯೋಜನೆಯ ಲಾಭ ನಷ್ಟವನ್ನು ಲೆಕ್ಕಹಾಕಿಸಿತು. ಕೊನೆಗೆ ಆ ಯೋಜನೆ ಕೈಬಿಟ್ಟುಹೋಯಿತು. ಅಡಿಕೆ ಮಾರುವ ಸಂಘವೊಂದು ನದಿಯ ಪರವಾಗಿ ಪಂಡಿತರ ಸಭೆ ಕರೆದದ್ದು ಭಾರತದ ಪರಿಸರ ಚರಿತ್ರೆಯಲ್ಲಿ ವಿರಳ ಸಂಗತಿ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತು ಬೆಳೆಸಿದ ಅಪ್ಪಿಕೋ ಚಳವಳಿ ಹೀಗೆ ಆರಂಭವಾಯಿತು. ಕೈಗಾದ ಅಣುಸ್ಥಾವರದ ವಿರುದ್ಧವೂ ಘಟ್ಟದ ಮೇಲಿನ ಊರುಗಳು ಒಂದಾದವು. ಆ ಪ್ರಶ್ನೆಯನ್ನೇ ಹಿಡಿದು ಸಾಹಿತಿ ಶಿವರಾಮ ಕಾರಂತರು 1989ರಲ್ಲಿ ಈ ಸೀಮೆಯ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿದರು. ತಮ್ಮ ನಾಡಿನವರೇ ಮುಖ್ಯಮಂತ್ರಿಯಾಗಿದ್ದಾಗಲೂ ಪ್ರಶ್ನೆ ಕೇಳುವುದನ್ನು ಬಿಡದ ಈ ಜನರ ಸ್ವಭಾವವೇ ಆ ನಾಡಿನ ರಾಜಕೀಯ ಶಿಕ್ಷಣದ ಎತ್ತರವನ್ನು ತೋರಿಸುತ್ತದೆ.

ಬಾಗಲಕೋಟೆಯ ಸೋಲು ಮತ್ತು ನಂತರದ ವರ್ಷಗಳು

1991ರ ಲೋಕಸಭಾ ಚುನಾವಣೆಯಲ್ಲಿ ಹೆಗಡೆ ಬಾಗಲಕೋಟೆಯಿಂದ ನಿಂತು ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡರೆದುರು ಸೋತರು. ಜಮಖಂಡಿ ಸೀಮೆಯ ರೈತರನ್ನು ಸೇರಿಸಿ, ಅವರದೇ ಹಣ ಮತ್ತು ಶ್ರಮದಿಂದ 1989ರಲ್ಲಿ ಕೃಷ್ಣಾ ನದಿಗೆ ಚಿಕ್ಕಪಡಸಲಗಿ ಬ್ಯಾರೇಜನ್ನು ಕಟ್ಟಿಸಿ ಹೆಸರಾದವರು ನ್ಯಾಮಗೌಡ. ರಾಷ್ಟ್ರಮಟ್ಟದ ನಾಯಕನೊಬ್ಬ, ಊರಿನ ನೀರಿನ ಕೆಲಸದಿಂದ ಮೇಲೆ ಬಂದ ರೈತನ ಎದುರು ಸೋತದ್ದಕ್ಕೆ ದೊಡ್ಡ ಅರ್ಥವಿದೆ. ಹಳ್ಳಿ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬಲ್ಲುದು ಎಂದು ಹೆಗಡೆ ಕಾನೂನಿನಲ್ಲಿ ಬರೆಸಿದ್ದನ್ನು ಕೃಷ್ಣೆಯ ದಡದ ರೈತರು ಕೈಯಾರೆ ಮಾಡಿ ತೋರಿಸಿದ್ದರು. ಅವರ ಮತ ತಮ್ಮಲ್ಲೊಬ್ಬನಿಗೆ ಹೋಯಿತು.

1994ರಲ್ಲಿ ಜನತಾದಳ ಗೆದ್ದಾಗ ದೇವೇಗೌಡರು ಮುಖ್ಯಮಂತ್ರಿಯಾದರು. 1996ರಲ್ಲಿ ಅವರು ಪ್ರಧಾನಿಯಾದ ಬೆನ್ನಲ್ಲೇ ಹೆಗಡೆಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ರಾಷ್ಟ್ರೀಯ ನವನಿರ್ಮಾಣ ವೇದಿಕೆ, ಅನಂತರ ಲೋಕಶಕ್ತಿ ಪಕ್ಷವನ್ನು ಕಟ್ಟಿದ ಹೆಗಡೆ 1998ರಲ್ಲಿ ಬಿಜೆಪಿಯೊಡನೆ ಮೈತ್ರಿ ಮಾಡಿಕೊಂಡರು. ಆ ಚುನಾವಣೆಯಲ್ಲಿ ರಾಜ್ಯದಲ್ಲಿ ಬಿಜೆಪಿಗೆ 13, ಲೋಕಶಕ್ತಿಗೆ 3 ಸ್ಥಾನ ಬಂದವು. ವಾಜಪೇಯಿ ಮಂತ್ರಿಮಂಡಲದಲ್ಲಿ 1999ರವರೆಗೆ ವಾಣಿಜ್ಯ ಸಚಿವರಾಗಿದ್ದರು. 2004ರ ಜನವರಿ 12ರಂದು ಬೆಂಗಳೂರಿನಲ್ಲಿ ನಿಧನರಾದರು.

ಮೌಲ್ಯಮಾಪನ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆ ಹೆಗಡೆಯವರ ನಂತರವೂ ರಾಜ್ಯಕ್ಕೆ ನಾಯಕರನ್ನು ಕೊಟ್ಟಿದೆ. ಶಿರಸಿ ತಾಲ್ಲೂಕಿನ ವಿಶ್ವೇಶ್ವರ ಹೆಗಡೆ ಕಾಗೇರಿ 2019ರಿಂದ 2023ರವರೆಗೆ ವಿಧಾನಸಭಾಧ್ಯಕ್ಷರಾಗಿದ್ದು 2024ರಲ್ಲಿ ಲೋಕಸಭೆಗೆ ಆರಿಸಿಬಂದರು. ಯಲ್ಲಾಪುರದ ಅರಬೈಲ್ ಶಿವರಾಮ ಹೆಬ್ಬಾರ್ ಜಿಲ್ಲೆಯ ಸಹಕಾರಿ ಬ್ಯಾಂಕಿನ ಅಧ್ಯಕ್ಷತೆಯನ್ನೂ ಶಾಸಕ, ಸಚಿವ ಪದವಿಗಳನ್ನೂ ಕಂಡವರು. ಸೊಸೈಟಿಯಿಂದ ಸದನಕ್ಕೆ ಹೋಗುವ ಹಳೆಯ ದಾರಿ ಇನ್ನೂ ತೆರೆದೇ ಇದೆ. ಹೊಸ ದಾರಿಯೂ ತೆರೆದಿದೆ. 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿಯಾದರು. 2023ರಲ್ಲಿ ಶಿರಸಿ ಕ್ಷೇತ್ರ ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರನ್ನು ಆರಿಸಿತು. ಒಂದು ಕಾಲಕ್ಕೆ ತೋಟದ ಕೆಲಸಕ್ಕೂ ಗೇಣಿಗೂ ಮಾತ್ರ ಕರೆಯಲಾಗುತ್ತಿದ್ದ ಸಮುದಾಯಗಳು ಈಗ ಪ್ರಾತಿನಿಧ್ಯದ ಹಕ್ಕುದಾರರು.

ಈ ಬದಲಾವಣೆಯನ್ನು ಒಬ್ಬ ವ್ಯಕ್ತಿಯ ಖಾತೆಗೆ ಬರೆಯುವುದು ತಪ್ಪು. ಕಾಗೋಡಿನ ಗೇಣಿದಾರರು, ದಿನಕರ ದೇಸಾಯಿ, ಅರಸು, ನಜೀರ್ ಸಾಬ್ ಎಲ್ಲರ ಪಾಲೂ ಅದರಲ್ಲಿದೆ. ಹೆಗಡೆಯವರ ಪಾಲು ಯಾವುದು ಎಂದರೆ, ಭೂಮಿಯ ಬಲದಿಂದ ಊರಾಳುವ ಮನೆತನಗಳ ಕಾಲ ಮುಗಿದಾಗ ಆ ಜಾಗದಲ್ಲಿ ಅಧಿಕಾರಿಗಳ ಆಳ್ವಿಕೆ ಬಂದು ಕೂರದಂತೆ, ಮತದ ಬಲದ ಊರಾಡಳಿತವನ್ನು ಅವರ ಸರ್ಕಾರ ಸ್ಥಾಪಿಸಿತು. ದೊಡ್ಡ ಮನೆಯ ಜಗಲಿಯಲ್ಲಿ ತೀರ್ಮಾನವಾಗುತ್ತಿದ್ದ ವಿಷಯಗಳು ಗ್ರಾಮಸಭೆಯ ಮುಂದೆ ಬರಬೇಕು ಎಂಬುದು ಈಗ ಕಾನೂನು. ಆ ಗ್ರಾಮಸಭೆಗಳು ಎಷ್ಟು ಕಡೆ ಹೆಸರಿಗಷ್ಟೇ ನಡೆಯುತ್ತಿವೆ, ಪಂಚಾಯ್ತಿಗಳ ಹಣ ಮತ್ತು ಅಧಿಕಾರವನ್ನು ಅನಂತರದ ಸರ್ಕಾರಗಳು ಎಷ್ಟು ಮೊಟಕುಗೊಳಿಸಿದವು ಎಂಬುದನ್ನು ನೋಡಿದರೆ 1983ರ ಕೆಲಸ ಅರ್ಧಕ್ಕೆ ನಿಂತಿರುವುದು ಸ್ಪಷ್ಟ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕಾಲಕಾಲಕ್ಕೆ ಚುನಾವಣೆ ನಡೆಸುವುದು, ಇಲಾಖೆಗಳನ್ನು ಹಣದ ಸಮೇತ ಕೆಳಗೆ ಇಳಿಸುವುದು, ಮಜರೆಯ ಮಾತಿಗೆ ಬೆಲೆ ಕೊಡುವುದು, ಇಷ್ಟನ್ನು ಮಾಡುವ ಸರ್ಕಾರ ರಾಮಕೃಷ್ಣ ಹೆಗಡೆಯವರಿಗೆ ಬೇರೆ ಸ್ಮಾರಕ ಕಟ್ಟಬೇಕಾಗಿಲ್ಲ.